ದೇವಿ ಹಾಕುವವನಿಗೆ ಜ್ವರ ಬಂದಾಗ

ನಮ್ಮ ಓಣಿಯ ಭಾಗ್ಯ ಈ ವರ್ಷ ನರ್ಸ್ ಕೆಲಸಕ್ಕೆ ಸೇರಿದ್ದಾಳೆ. ಮಳೆಗಾಲಕ್ಕೆ ಮೊದಲು ಒಂದು ದಿನ ಕೈಯಲ್ಲೊಂದು ಕಾಗದ ಹಿಡಿದು ಮನೆಗೆ ಬಂದಳು. ಫ್ಲೂ ಜ್ವರದ ಲಸಿಕೆ ಹಾಕಿಸಿಕೊಳ್ಳಲೇಬೇಕು ಎಂದು ಹಟ ಹಿಡಿದು ನನ್ನೆದುರು ಕುಳಿತಳು. ಎಂಬತ್ತು ದಾಟಿದವನ ತೋಳಿನಲ್ಲಿ ಬರೀ ಎಲುಬಿದೆ, ಸೂಜಿ ಮುರಿದೀತು ಎಂದು ತಮಾಷೆ ಮಾಡಿದೆ. ಅವಳು ನಗದೆ ಕಾಗದ ಓದತೊಡಗಿದಳು. ವಯಸ್ಸಾದವರು, ಬಸುರಿಯರು, ದಮ್ಮು ಇದ್ದವರು, ಸಕ್ಕರೆ ಕಾಯಿಲೆಯವರು, ಹೃದಯದ ತೊಂದರೆ ಇದ್ದವರು, ಆರು ತಿಂಗಳು ತುಂಬಿದ ಸಣ್ಣ ಮಕ್ಕಳು. ಕೊನೆಯ ಸಾಲಿನಲ್ಲಿ ದವಾಖಾನೆಯಲ್ಲಿ ಕೆಲಸ ಮಾಡುವವರು ಎಂದಿತ್ತು.

“ಕಡೀ ಸಾಲಿನ ಮಂದಿ ಯಾಕವ್ವಾ? ಅವರೆಲ್ಲಾ ಗಟ್ಟಿ ಇರತಾರಲ್ಲ?” ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೋ ಇಲ್ಲವೋ ನೋಡಬೇಕಿತ್ತು.

“ನಾವು ಗಟ್ಟಿನ ಇರತೇವ್ರಿ ಅಜ್ಜಾರ. ಆದ್ರ ನಮಗ ಬಂತಂದ್ರ ನಾವ ಅದನ್ನ ಮನಿ ಮನಿಗೆ ಹಂಚಿ ಬರತೇವಲ್ರಿ” ಅಂದಳು.

ತರಬೇತಿಯಲ್ಲಿ ಕಲಿತದ್ದನ್ನು ತಪ್ಪಿಲ್ಲದೆ ಒಪ್ಪಿಸಿದ್ದಳು. ಇವಳು ಒಂದು ಉಸಿರಿಗೆ ಹೇಳಿದ ಆ ಮಾತನ್ನು ನಾನು ಕಲಿತ ಬಗೆಯೇ ಬೇರೆ. ಅದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಭಾಗ್ಯಳಂಥ ಹೊಸಬರು ಓದಲಿ ಎಂದು ಈಗ ಬರೆಯುತ್ತಿದ್ದೇನೆ. ನನ್ನ ಬಡ್ತಿ, ವರ್ಗಾವಣೆಗಳೆಲ್ಲ ಸರ್ವಿಸ್ ಪುಸ್ತಕದಲ್ಲಿವೆ. ಅವನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ನನ್ನ ಕೆಲಸ ಸಿಡುಬಿನ ಲಸಿಕೆ ಹಾಕುವುದು. ನಮ್ಮ ಕಡೆ ಸಿಡುಬಿಗೆ ದೇವಿ ಎಂದೂ ಅದರ ಲಸಿಕೆ ಹಾಕುವುದಕ್ಕೆ ದೇವಿ ಹಾಕುವುದು ಎಂದೂ ಹೇಳುತ್ತಿದ್ದರು. ತಂದೆ ಸಿಂದಗಿಯಲ್ಲಿ ಗಾದಿ ಹೊಲಿಯುತ್ತಿದ್ದರು, ನಾನು ಏಳನೆಯ ಇಯತ್ತೆ ಪಾಸಾಗಿದ್ದೆ, ಕೈ ನಡುಗುತ್ತಿರಲಿಲ್ಲ. ಇಷ್ಟು ಅರ್ಹತೆ ಸಾಕಾಯಿತು. ನಾವಿನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಜನ ನನಗೆ ‘ದೇವಿ ಸಾಬ’ ಎಂದು ಹೆಸರಿಟ್ಟರು. ಮಸೀದಿಗೆ ಹೋಗುವವನು ಮನೆಮನೆಗೆ ದೇವಿಯನ್ನು ಹೊತ್ತು ತಿರುಗುತ್ತಾನೆಂದು ಕಟ್ಟೆಯ ಮೇಲೆ ಕುಳಿತವರಿಗೆ ನಗೆ. ನನಗೂ ನಗೆಯೇ.

ಆಗಿನ ಲಸಿಕೆ ಈಗಿನ ಹಾಗೆ ಸಿರಿಂಜಿನಲ್ಲಿ ಕೊಡುವಂಥದ್ದಲ್ಲ. ಬೆಳಗಾವಿಯಿಂದ ಸಣ್ಣ ಗಾಜಿನ ನಳಿಗೆಗಳಲ್ಲಿ ರಸ ಬರುತ್ತಿತ್ತು. ಮಗುವಿನ ತೋಳು ತೊಳೆದು ಒರೆಸಿ, ಒಂದು ಹನಿ ರಸ ಬಿಟ್ಟು, ಹಲ್ಲಿನ ಚಕ್ರವಿದ್ದ ಒಂದು ಸಣ್ಣ ಉಪಕರಣವನ್ನು ಅದರ ಮೇಲೆ ಒತ್ತಿ ತಿರುಗಿಸಬೇಕು. ಚರ್ಮ ಕೆರೆದು ರಸ ಒಳಗಿಳಿಯುತ್ತದೆ. ಮುಂದಿನ ಮಗುವಿಗೆ ಹಾಕುವ ಮೊದಲು ಆ ಚಕ್ರವನ್ನು ಸ್ಪಿರಿಟ್ ದೀಪದ ಉರಿಗೆ ಹಿಡಿಯಬೇಕು. ಏಳನೆಯ ದಿನ ಅದೇ ಮನೆಗಳಿಗೆ ಹೋಗಿ ತೋಳಿನ ಮೇಲೆ ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡಬೇಕು. ಎದ್ದರೆ ಲಸಿಕೆ ಹಿಡಿದಂತೆ.

ಇದರಲ್ಲಿ ಯಾವ ಪುಸ್ತಕದಲ್ಲೂ ಬರೆಯದ ಒಂದು ಪದ್ಧತಿಯಿತ್ತು. ಕೂಸನ್ನು ಹಿಡಿದುಕೊಳ್ಳುವವಳು ತಾಯಿಯಲ್ಲ, ಅಜ್ಜಿ. ಸೊಸೆಯಂದಿರು ಪರಗಂಡಸಿನ ಎದುರು ಕಟ್ಟೆಗೆ ಬಂದು ಕೂರುತ್ತಿರಲಿಲ್ಲ. ಬಂದರೂ ಮಗು ಅತ್ತರೆ ತಾವೂ ಅಳುತ್ತಿದ್ದರು. ಅಜ್ಜಿ ಹಾಗಲ್ಲ. ಕೂಸಿನ ಕಾಲನ್ನು ತನ್ನ ಎರಡು ಮೊಣಕಾಲುಗಳ ನಡುವೆ ಸಿಗಿಸಿ, ತಲೆಯನ್ನು ಎದೆಗೆ ಒತ್ತಿ, ತೋಳನ್ನು ನನ್ನ ಮುಂದೆ ಚಾಚಿ ಹಿಡಿಯುತ್ತಿದ್ದಳು. ನಾನು ಬಗ್ಗಿ ಕೆಲಸ ಮಾಡುವಾಗ ಅವಳ ಮುಖಕ್ಕೂ ನನ್ನ ಮುಖಕ್ಕೂ ಒಂದು ಗೇಣು ಅಂತರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿನ ಅಜ್ಜಿಯರ ಎಲೆ ಅಡಿಕೆ ತಂಬಾಕಿನ ವಾಸನೆಯನ್ನು ನಾನು ಬಲ್ಲೆ.

ಮೊದಲ ವರ್ಷವೇ ಒಂದು ದೊಡ್ಡ ತಪ್ಪು ಮಾಡಿದೆ. ರಸದ ನಳಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾಗಿ ಒಯ್ಯಬೇಕು. ಝಳಕಿಯಲ್ಲಿ ಬಸ್ಸು ಕೆಟ್ಟು ನಿಂತಿತು. ನಾನು ಚಹಾದಂಗಡಿಯಲ್ಲಿ ಕುಳಿತು ಲಾರಿಯವರ ಕಥೆ ಕೇಳುತ್ತಾ ಮೈಮರೆತೆ. ಚೀಲ ಬಿಸಿಲಿನಲ್ಲಿತ್ತು, ಬಟ್ಟೆ ಹಪ್ಪಳದಂತೆ ಒಣಗಿತ್ತು. ಬಟ್ಟೆಗೆ ಮತ್ತೆ ನೀರು ಹಾಕಿದರೆ ಆಯಿತು ಎಂದುಕೊಂಡು ಅಂದು ಹೋಗಬೇಕಿದ್ದ ಊರಿಗೆ ಹೋಗಿ ಎಲ್ಲರಿಗೂ ಹಾಕಿಬಂದೆ. ಏಳನೆಯ ದಿನ ಹೋದರೆ ಒಂದು ತೋಳಿನಲ್ಲೂ ಗುಳ್ಳೆ ಇಲ್ಲ. ಒಬ್ಬ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಾಬ್ರ, ನಿಮ್ಮ ದೇವಿ ಹಾದ್ಯಾಗ ಇಳದಾಳ ಕಾಣತೈತಿ” ಅಂದ.

ಮೇಲಧಿಕಾರಿಗೆ ಹೇಳದೆ ಗತಿಯಿರಲಿಲ್ಲ. ಅವರು ಸ್ಯಾನಿಟರಿ ಇನ್ಸ್‌ಪೆಕ್ಟರ್ ಜೋಶಿ ಸಾಹೇಬರು. ಕರಿ ಟೋಪಿ, ಇಸ್ತ್ರಿ ಮಾಡಿದ ಕೋಟು, ಹಳೆಯ ಸೈಕಲ್ಲು. ಹಾಜರಿ ಪುಸ್ತಕ ನೋಡುವ ಮೊದಲು ನಮ್ಮ ಉಗುರು ನೋಡುತ್ತಿದ್ದರು. ಬೈಗುಳ ನಿರೀಕ್ಷಿಸಿ ನಿಂತಿದ್ದೆ. ಅವರು ಬೈಯಲಿಲ್ಲ.

“ಮನಿ ಮನಿಗೆ ಹೋಗು. ಮೊದಲನೇ ಸರ್ತಿ ಹಾಕಿದ್ದು ವ್ಯರ್ಥ ಆತು, ತಪ್ಪು ನಂದು ಅಂತ ಹೇಳು. ಹೇಳಿದ ಮ್ಯಾಲೆನಽ ಮತ್ತ ಹಾಕು” ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಇಡೀ ಊರು ತಿರುಗಿ ಮೂವತ್ತು ಮನೆಯ ಬಾಗಿಲಲ್ಲಿ ಅದೇ ಮಾತು ಹೇಳಿದೆ. ಜನ ನಕ್ಕರು, ಆದರೆ ಮಕ್ಕಳನ್ನು ಮತ್ತೆ ಕೊಟ್ಟರು. ಅಂದಿನಿಂದ ಜೋಶಿ ಸಾಹೇಬರ ಮೇಲೆ ನನಗೆ ಭಯಕ್ಕಿಂತ ಹೆಚ್ಚಿನ ಗೌರವ ಬಂತು. ಅವರಿಗೆ ಒಂದೇ ಒಂದು ದೋಷವಿತ್ತು. ರಜೆ ಎಂಬ ಶಬ್ದ ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಸ್ವತಃ ಅವರು ರಜೆ ಹಾಕಿದ್ದನ್ನು ನಾನು ನೋಡಿಲ್ಲ.

ಐವತ್ತೇಳನೆಯ ಇಸವಿಯ ಮಳೆಗಾಲಕ್ಕೆ ಬರುತ್ತೇನೆ. ನಾವು ಹೊಸದಾಗಿ ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಕಚೇರಿಯಲ್ಲಿ ಮರಾಠಿ ರಜಿಸ್ಟರುಗಳ ಪಕ್ಕದಲ್ಲಿ ಕನ್ನಡದವು ಬಂದು ಕೂತಿದ್ದವು. ಯಾವುದರಲ್ಲಿ ಬರೆಯಬೇಕೆಂದು ತಿಳಿಯದೆ ಎರಡರಲ್ಲೂ ಬರೆಯುತ್ತಿದ್ದೆವು. ಆ ಹೊತ್ತಿಗೆ ಪೇಪರಿನಲ್ಲಿ ಹೊಸ ಜ್ವರದ ಸುದ್ದಿ ಬರತೊಡಗಿತು. ಫ್ಲೂ ಅಂತೆ, ದೇಶವೇ ಮಲಗುತ್ತಿದೆಯಂತೆ, ಹಡಗಿನಲ್ಲಿ ಬಂತಂತೆ. ಸಮುದ್ರ ಕಾಣದ ನಮ್ಮೂರಿಗೆ ಹಡಗಿನ ಜ್ವರ ಎಲ್ಲಿಂದ ಬಂದೀತು ಎಂದು ಹೋಟೆಲಿನಲ್ಲಿ ಕುಳಿತು ನಕ್ಕೆವು. ಹದಿನೈದು ದಿನ ಕಳೆಯುವುದರಲ್ಲಿ ಸಿಂದಗಿಯ ಅಡತಿ ಅಂಗಡಿಗಳಲ್ಲಿ ಚೀಲ ಹೊರುವವರಿಲ್ಲ. ಸಾಲಿಯಲ್ಲಿ ಅರ್ಧ ಮಕ್ಕಳಿಲ್ಲ. ಹೋಟೆಲಿನವನೇ ಕಂಬಳಿ ಹೊದ್ದು ಮಲಗಿದ್ದ.

ಹೋದಲ್ಲೆಲ್ಲ ಜನ ಕೇಳುತ್ತಿದ್ದರು, “ಸಾಬ್ರ, ಇದಕ್ಕೂ ಒಂದು ಗೀರು ಹಾಕ್ರಲ್ಲ?” ನನ್ನ ಚೀಲದಲ್ಲಿದ್ದದ್ದು ಸಿಡುಬಿನದು, ಈ ಜ್ವರಕ್ಕೆ ಅದು ನಡೆಯುವುದಿಲ್ಲ ಎಂದು ಹೇಳಿ ಹೇಳಿ ಸಾಕಾಯಿತು. ದೂರದ ಪಟ್ಟಣಗಳಲ್ಲಿ ಎಲ್ಲೋ ಫ್ಲೂ ಲಸಿಕೆ ತಯಾರಾಗುತ್ತಿದೆ ಎಂದು ಕೇಳಿದ್ದೆವು. ನಮ್ಮ ತನಕ ಒಂದು ಹನಿಯೂ ಬರಲಿಲ್ಲ. ಆದ್ದರಿಂದ ಯಾರಿಗೆ ಮೊದಲು ಹಾಕಬೇಕು ಎಂದು ಯೋಚಿಸುವ ಭಾಗ್ಯವೂ ನಮಗಿರಲಿಲ್ಲ. ಹೆಚ್ಚಿನವರು ನಾಲ್ಕೈದು ದಿನ ನರಳಿ ಎದ್ದರು. ಅದಕ್ಕೇ ಅದನ್ನು ಯಾರೂ ದೊಡ್ಡದು ಎಂದುಕೊಳ್ಳಲಿಲ್ಲ, ನಾನೂ ಎಂದುಕೊಳ್ಳಲಿಲ್ಲ.

ಅಷ್ಟರಲ್ಲಿ ಭೀಮಾ ನದಿಯ ಆಚೆ ದಂಡೆಯ ಒಂದು ಊರಿನಲ್ಲಿ ಸಿಡುಬು ಕಾಣಿಸಿತು. ಈಚೆ ದಂಡೆಯ ದೇವಣಗಾಂವಕ್ಕೆ ಕೂಡಲೇ ಹೋಗಿ ದೇವಿ ಹಾಕಬೇಕೆಂದು ಆದೇಶ ಬಂತು. ನಮ್ಮ ಮನೆಯಲ್ಲಿ ಅವ್ವ, ತಂಗಿ ಇಬ್ಬರೂ ಫ್ಲೂ ಬಂದು ಮಲಗಿದ್ದರು. ಹೊರಡುವ ದಿನ ಬೆಳಿಗ್ಗೆ ನನಗೂ ಮೈಕೈ ನೋವು, ಗಂಟಲಲ್ಲಿ ಕೆರೆತ, ಕಣ್ಣಿನಲ್ಲಿ ಉರಿ. ಜೋಶಿ ಸಾಹೇಬರ ಮುಂದೆ ಹೋಗಿ ನಿಂತೆ.

“ಸಾಹೇಬ್ರ, ಮೈ ಯಾಕೋ ಬೆಚ್ಚಗ ಆಗೇತ್ರಿ. ಎರಡ ದಿನ ಬಿಟ್ಟ ಹೋಗಲೇನ್ರಿ?”

“ನದೀ ಆಚೆ ದೇವಿ ಬಂದಾಳ. ಆಕಿ ಎರಡ ದಿನ ಬಿಟ್ಟ ಬರ್ತಾಳೇನು? ಕೆಮ್ಮಿಗೆಲ್ಲಾ ರಜಾ ಕೊಟ್ರ ಇಲಾಖಾಕ್ಕ ಬೀಗ ಹಾಕಬೇಕಾಗ್ತದ.”

ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಲಾರೆ. ನಾನು ಕೇಳಿದ್ದೂ ಅರ್ಧ ಮನಸ್ಸಿನಿಂದಲೇ. ಜ್ವರದಲ್ಲೂ ಕೆಲಸಕ್ಕೆ ಹೋದವನು ಎನಿಸಿಕೊಳ್ಳುವ ಆಸೆ ನನ್ನೊಳಗೂ ಇತ್ತು.

ಆಷಾಢದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬಸ್ಸಿಳಿದು ನಡೆದು ದೇವಣಗಾಂವ ಮುಟ್ಟುವಾಗ ಕಾಲು ಎಳೆಯುತ್ತಿದ್ದೆ. ಹೊಳೆಯ ಕಡೆಯ ಓಣಿಯಿಂದ ಶುರು ಮಾಡಿದೆ. ಅಲ್ಲಿ ಗಂಗವ್ವ ಇದ್ದಳು. ಅರವತ್ತೈದರ ಮೇಲಿನ ವಯಸ್ಸು, ಎದೆಯಲ್ಲಿ ದಮ್ಮು, ಆದರೂ ಇಡೀ ಓಣಿಗೆ ಅವಳೇ ಹಿರಿಯಳು. ಅವಳ ಮಡಿಲಲ್ಲಿ ಮಕ್ಕಳು ಅಳುವುದಿಲ್ಲ ಎಂಬ ಖ್ಯಾತಿ ಅವಳದು. ಅದಕ್ಕೇ ನಾನು ಬಂದಾಗಲೆಲ್ಲ ಓಣಿಯ ಎಲ್ಲ ಮನೆಯವರೂ ತಮ್ಮ ಮಕ್ಕಳನ್ನು ಅವಳ ಕಟ್ಟೆಗೇ ತಂದು ಬಿಡುತ್ತಿದ್ದರು. ಒಬ್ಬೊಬ್ಬರನ್ನೂ ಅವಳೇ ಹಿಡಿಯುತ್ತಿದ್ದಳು. ಆರು ತಿಂಗಳ ಬಸುರಿಯಾಗಿದ್ದ ಅವಳ ಸೊಸೆ ಶಾಂತವ್ವ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು.

“ಬಾರೋ ತಮ್ಮಾ. ಮಾರಿ ಯಾಕ ಕೆಂಪಗಾಗೈತಿ?” ಎಂದಳು ಗಂಗವ್ವ.

“ಗಾಳಿಗೆ ಆಯಿ.”

“ಜ್ವರ ಅದಾವೇನೋ ಮೈಯಾಗ? ಊರೂರಿಗೆ ಬಂದಾವಂತ, ಸಂತಿಗೆ ಹೋದ ಮಂದಿ ಹೇಳಾಕತ್ತಿದ್ರು.”

“ಏನಿಲ್ಲ ಬಿಡ ಆಯಿ. ಗಂಟಲಾಗ ಧೂಳ ಹೊಕ್ಕೈತಿ.”

ಹೀಗೆ ಹೇಳಿದೆ. ಜ್ವರ ಎಂದಿದ್ದರೆ ಅವಳು ಮಕ್ಕಳನ್ನು ಕೊಡುತ್ತಿರಲಿಲ್ಲ, ಕೆಲಸ ನಿಲ್ಲುತ್ತಿತ್ತು, ಸಾಹೇಬರ ಮುಂದೆ ಮತ್ತೆ ನಿಲ್ಲಬೇಕಾಗುತ್ತಿತ್ತು. ಇಷ್ಟೆಲ್ಲ ಯೋಚಿಸಿ ಸುಳ್ಳು ಹೇಳಿದೆ ಎಂದೂ ಅಲ್ಲ. ಬಾಯಿಗೆ ಸುಲಭವಾಗಿ ಬಂದದ್ದನ್ನು ಹೇಳಿಬಿಟ್ಟೆ. ಅವಳು ನಂಬಿದಳು. ಸೊಸೆಯನ್ನು ಕರೆದು ಶುಂಠಿ ಬೆಲ್ಲದ ಕಷಾಯ ಕುದಿಸಿ ತರಲು ಹೇಳಿದಳು. ಅದನ್ನು ಕುಡಿದು ಮಧ್ಯಾಹ್ನದವರೆಗೆ ಅವಳ ಕಟ್ಟೆಯ ಮೇಲೆ ಕೆಲಸ ಮಾಡಿದೆ. ಒಂದೊಂದು ಮಗುವಿಗೂ ಒಂದೊಂದು ಸಲ ಅವಳ ಮುಖದ ಹತ್ತಿರ ಬಗ್ಗಿದೆ. ಎರಡು ಮೂರು ಸಲ ಕೆಮ್ಮು ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಸಾಮಾನಿತ್ತು, ಬಾಯಿಗೆ ಅಡ್ಡ ಹಿಡಿಯಲು ಕೈಯಿರಲಿಲ್ಲ. ಅವಳು “ಸಾವಕಾಶೋ ತಮ್ಮಾ” ಎನ್ನುತ್ತಾ ಸೆರಗಿನಿಂದ ಕೂಸಿನ ಮುಖ ಮುಚ್ಚಿದಳು. ತನ್ನದನ್ನು ಮುಚ್ಚಿಕೊಳ್ಳಲಿಲ್ಲ.

ಸಿಂದಗಿಗೆ ವಾಪಸು ಬಂದವನು ಹಾಸಿಗೆ ಹಿಡಿದೆ. ಏಳನೆಯ ದಿನ ತೋಳು ನೋಡಲು ಹೋಗಬೇಕಿತ್ತು, ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಹನ್ನೆರಡೋ ಹದಿಮೂರೋ ದಿನದ ಮೇಲೆ ಹೋದೆ. ಊರ ಬಾಗಿಲಲ್ಲೇ ಗಂಗವ್ವನ ಮಗ ಮಲ್ಲಪ್ಪ ಎದುರಾದ. ತಲೆ ಬೋಳಿಸಿಕೊಂಡಿದ್ದ. ನನಗೆ ಕೇಳುವ ಅಗತ್ಯವೇ ಬೀಳಲಿಲ್ಲ.

“ನಮ್ಮ ಓಣಿಗೆ ಬರಬ್ಯಾಡ್ರಿ ಸಾಬ್ರ” ಎಂದ. ಸಿಟ್ಟಿನಿಂದಲ್ಲ, ದಣಿದ ದನಿಯಲ್ಲಿ. “ನೀವ ದೇವಿ ಹಾಕಿ ಹೋದ ಮೂರನೇ ದಿನಕ್ಕ ಅವ್ವ ಮಲಗಿದ್ಲು. ಓಣಿ ಮಂದಿ ಎಲ್ಲಾ ಮಲಗಿದ್ರು. ಅವರು ಎದ್ರು, ಆಕಿ ಏಳಲಿಲ್ಲ. ಉಸರ ಹಿಡೀಲಿಲ್ಲ ಆಕೀಗೆ. ನಿಮ್ಮ ದೇವಿ ನಮಗ ಬ್ಯಾಡ್ರಿ.”

ಇಷ್ಟು ಹೇಳಿ ತಿರುಗಿ ಹೊರಟ. ಉಳಿದ ಓಣಿಗಳಲ್ಲೂ ಬಾಗಿಲು ಹಾಕಿದರು. ಅರ್ಧ ಊರಿಗೆ ದೇವಿ ಹಾಕುವುದು ಬಾಕಿ ಉಳಿಯಿತು. ನನ್ನ ಲಸಿಕೆಯಿಂದಲೇ ಜ್ವರ ಬಂತು, ಸಾವು ಬಂತು ಎಂದು ಊರಿಗೆ ಊರೇ ನಂಬಿತು. ಹೊಳೆ ದಾಟಿ ಸಿಡುಬು ಈಚೆಗೆ ಬಂದರೆ ಆ ಅರ್ಧ ಊರಿನ ಮಕ್ಕಳಿಗೆ ಯಾವ ರಕ್ಷಣೆಯೂ ಇಲ್ಲ. ಶಾಂತವ್ವನ ಹೊಟ್ಟೆಯಲ್ಲಿದ್ದ ಕೂಸಿಗಂತೂ ದೇವಿ ಹಾಕಲು ಆ ಮನೆಯೊಳಗೆ ಯಾರೂ ಕಾಲಿಡುವ ಹಾಗಿರಲಿಲ್ಲ.

ಜೋಶಿ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಲಸಿಕೆಯದಲ್ಲ ತಪ್ಪು, ಜ್ವರ ಇದ್ದರೂ ಇಲ್ಲ ಎಂದು ಹೇಳಿ ಆ ಮುದುಕಿಯ ಮುಖಕ್ಕೆ ಕೆಮ್ಮಿದವನು ನಾನು, ಹೋಗಿ ಹಾಗೆಂದು ಹೇಳಿಬಿಡುತ್ತೇನೆ ಎಂದೆ. ಝಳಕಿಯ ಕಡೆ ಆದಾಗ ಮನೆಮನೆಗೆ ಕಳಿಸಿದ ಮನುಷ್ಯ ಈಗ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದರು.

“ಜ್ವರ ನೀನಽ ತಂದಿ ಅನ್ನಲಿಕ್ಕೆ ಏನು ಪುರಾವಾ ಅದ? ಸಂತಿಗೆ ಬಂದ ಮಂದಿ ಒಯ್ದಿರಬಹುದು” ಎಂದರು. “ಹೇಳಿದ್ರ ನಾಳೆ ಯಾವ ಊರಾಗೂ ನಮ್ಮ ಮಂದಿನ್ನ ಒಳಗ ಬಿಡೂದಿಲ್ಲ. ಸುಮ್ನಿರು.” ಟೋಪಿ ತಲೆಗಿಟ್ಟು ಮತ್ತೆ ಹೇಳಿದರು, “ರಜಾ ನಾನು ಕೊಡಲಿಲ್ಲ. ನೀ ಹೇಳಿದ್ರ ಅದನ್ನೂ ಹೇಳಬೇಕಾಗ್ತದಲ್ಲೋ ದಸ್ತಗೀರ.”

ಅವರ ಮಾತಿನಲ್ಲಿ ಅರ್ಥವಿತ್ತು. ಆ ಜ್ವರ ನನ್ನಿಂದಲೇ ಹೋಯಿತು ಎಂದು ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ಬೇರೆ ಯಾರೋ ಒಯ್ದಿರಬಹುದು. ಆದರೆ ಅವಳು ಕೇಳಿದ್ದು ನಿಜ, ನಾನು ಇಲ್ಲ ಎಂದದ್ದು ನಿಜ. ಆದರೂ ಸಾಹೇಬರ ಮಾತಿಗೆ ಸುಮ್ಮನಾದೆ, ಮತ್ತು ಸುಮ್ಮನಾಗಲು ನೆಪ ಸಿಕ್ಕಿತು ಎಂದು ಒಳಗೊಳಗೇ ಹಗುರವಾದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ದೀಪಾವಳಿಯ ಹೊತ್ತಿಗೆ ನನ್ನನ್ನು ಎರಡು ತಿಂಗಳ ಮಟ್ಟಿಗೆ ಮುದ್ದೇಬಿಹಾಳದ ಕಡೆ ಕಳಿಸಿದರು. ಅಲ್ಲಿ ನೋಡಿದ್ದನ್ನು ಹೇಳದೆ ಮುಂದೆ ಹೋಗಲಾರೆ. ತಿಂಗಳಿಗೆ ಇಷ್ಟು ಜನಕ್ಕೆ ದೇವಿ ಹಾಕಿರಬೇಕೆಂದು ಮೇಲಿನಿಂದ ಸಂಖ್ಯೆ ಬರುತ್ತಿತ್ತು. ಸಂಖ್ಯೆ ತುಂಬುವ ಸುಲಭದ ಹಾದಿ ಸಾಲಿ. ಮಾಸ್ತರು ಸಾಲಾಗಿ ನಿಲ್ಲಿಸಿದರೆ ಒಂದು ಮುಂಜಾನೆಯಲ್ಲಿ ನೂರು ತೋಳು. ಒಂದು ಊರಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ತೋಳು ತೋರಿಸುತ್ತಾ, “ನನಗ ಹ್ವಾದ ವರ್ಷನೂ ಹಾಕ್ಯಾರ್ರಿ, ಅದರ ಹಿಂದಿನ ವರ್ಷನೂ ಹಾಕ್ಯಾರ್ರಿ” ಎಂದಳು. ಹಳೆಯ ಕಲೆಗಳು ಮೂರು ಇದ್ದವು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ತಾಯಿ, ಬಾಣಂತಿ ಅಕ್ಕ, ಅಕ್ಕನ ಕೂಸು, ಅಜ್ಜಿ. ಅವರಲ್ಲಿ ಯಾರ ತೋಳಿಗೂ ಯಾರೂ ಎಂದೂ ಏನೂ ಹಾಕಿರಲಿಲ್ಲ. ಕೈಗೆ ಸಿಗುವವರಿಗೇ ಮತ್ತೆ ಮತ್ತೆ ಹಾಕಿ, ಯಾರಿಗೆ ಬೇಕೋ ಅವರನ್ನು ಬಿಟ್ಟಿದ್ದೆವು. ಅಂದು ಸಾಲಿ ಬಿಟ್ಟು ಆ ಹುಡುಗಿಯ ಹಿಂದೆಯೇ ಅವಳ ಮನೆಗೆ ಹೋದೆ.

ಆಮೇಲಿನ ವರ್ಷಗಳಲ್ಲಿ ಪದ್ಧತಿ ಬಹಳ ಬದಲಾಯಿತು. ಬಿಸಿಲಿಗೆ ಕೆಡದ ಪುಡಿ ಲಸಿಕೆ ಬಂತು, ಒದ್ದೆ ಬಟ್ಟೆಯ ಕಾಟ ತಪ್ಪಿತು. ಬಾಗೇವಾಡಿಯ ಕಡೆ ಕುರಿಗಾರರು ಹಟ್ಟಿ ಕೀಳುವ ಮೊದಲೇ ನಸುಕಿನಲ್ಲಿ ಹೋಗಿ ಹಾಕುವುದನ್ನು ಕಲಿತೆ. ಇಂಡಿಯಲ್ಲಿ ಒಳಮನೆಯ ಹೆಂಗಸರಿಗಾಗಿ ನರ್ಸಬಾಯಿಯನ್ನು ಜೊತೆಗೆ ಕರೆದೊಯ್ದೆ. ಇವೆಲ್ಲ ಒಂದೇ ಪ್ರಶ್ನೆಯ ಉತ್ತರಗಳು. ಯಾರಿಗೆ ಹಾಕಬೇಕು?

ಭಾಗ್ಯ, ನಿನ್ನ ಕಾಗದದ ಸಾಲುಗಳನ್ನು ನಾನು ಹೀಗೆ ಓದುತ್ತೇನೆ. ವಯಸ್ಸಾದವರು ಎಂದಲ್ಲಿ ನನಗೆ ಗಂಗವ್ವ ಕಾಣುತ್ತಾಳೆ. ದಮ್ಮು ಇದ್ದವರು ಎಂದಲ್ಲಿಯೂ ಅವಳೇ. ಗಟ್ಟಿಮುಟ್ಟಾದವನನ್ನು ನಾಲ್ಕು ದಿನ ಮಲಗಿಸಿ ಬಿಡುವ ಫ್ಲೂ ಅಂಥವರ ಎದೆಗೆ ಇಳಿದರೆ ಉಸಿರನ್ನೇ ಕಟ್ಟಿಬಿಡುತ್ತದೆ. ಬಸುರಿಯರು ಎಂದಲ್ಲಿ ಬಾಗಿಲ ಮರೆಯ ಶಾಂತವ್ವ. ಅವಳಿಗೆ ಹಾಕಿದರೆ ಹುಟ್ಟುವ ಕೂಸಿಗೂ ಮೊದಲ ತಿಂಗಳುಗಳಲ್ಲಿ ಅದರ ಆಸರೆ ಸಿಗುತ್ತದೆ, ಆರು ತಿಂಗಳೊಳಗಿನ ಕೂಸಿಗೆ ನೇರವಾಗಿ ಹಾಕಲು ಬರುವುದಿಲ್ಲವಲ್ಲ. ಈ ಜ್ವರ ವರ್ಷ ವರ್ಷ ರೂಪ ಬದಲಿಸುತ್ತದೆ, ಆದ್ದರಿಂದ ವರ್ಷ ವರ್ಷವೂ ಹಾಕಿಸಿಕೊಳ್ಳಬೇಕು. ಹಾಕಿದ ಮರುದಿನವೇ ರಕ್ಷಣೆ ಬರುವುದಿಲ್ಲ, ಎರಡು ವಾರ ಬೇಕು. ತೋಳು ನೋಯುತ್ತದೆ, ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಆದರೆ ಅದರಿಂದ ಫ್ಲೂ ಬರುವುದಿಲ್ಲ. ಇದನ್ನು ಜನರಿಗೆ ಮೊದಲೇ ಹೇಳಬೇಕು, ಆಮೇಲೆ ಹೇಳಿದರೆ ನಂಬುವುದಿಲ್ಲ. ಹಿಂದೆ ಯಾವಾಗಲಾದರೂ ಆ ಲಸಿಕೆ ಮೈಗೆ ಆಗದೆ ತೀವ್ರ ತೊಂದರೆ ಆಗಿತ್ತೇ ಎಂದು ಕೇಳಬೇಕು, ಜೋರು ಜ್ವರ ಇದ್ದವರಿಗೆ ಇಳಿದ ಮೇಲೆ ಹಾಕಬೇಕು. ಕೊನೆಯ ಸಾಲಿನಲ್ಲಿ ಮಾತ್ರ ನನಗೆ ನನ್ನ ಮುಖವೇ ಕಾಣುತ್ತದೆ. ನೀನು ಹಾಕಿಸಿಕೊಂಡಿದ್ದೀಯಾ ಎಂದು ಅಂದು ಕೇಳಲು ಮರೆತೆ.

ಗಂಗವ್ವ ತೀರಿದ ಆ ಮಳೆಗಾಲದ ನಂತರದ ಸಂಕ್ರಾಂತಿ ಮುಗಿದ ಮೇಲೆ ಹೊಳೆಯಾಚೆ ಮತ್ತೆ ಸಿಡುಬು ಬಂತು. ಈ ಸಲ ಇನ್ನೂ ಹತ್ತಿರ. ದೇವಣಗಾಂವದ ಹೆಸರು ಬಂದಾಗ ಬೇರೆಯವರನ್ನು ಕಳಿಸುವುದಾಗಿ ಜೋಶಿ ಸಾಹೇಬರು ಹೇಳಿದರು. ನಾನೇ ಹೋಗುತ್ತೇನೆ, ಹೋದರೆ ನಡೆದದ್ದನ್ನು ಹೇಳುತ್ತೇನೆ ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ, “ರಜಾದ ಮಾತೂ ಹೇಳು” ಎಂದು ಸೈಕಲ್ ಹತ್ತಿ ಹೋದರು.

ಓಣಿಯಲ್ಲಿ ನನ್ನನ್ನು ಕಂಡ ಕೂಡಲೇ ಒಂದೆರಡು ಬಾಗಿಲು ಮುಚ್ಚಿದವು. ಗಂಗವ್ವನ ಮನೆಯ ಮುಂದೆ ನಿಂತೆ. ಮಲ್ಲಪ್ಪ ಎತ್ತಿಗೆ ಮೇವು ಹಾಕುತ್ತಿದ್ದವನು ಹಾಗೇ ನಿಂತ. ಶಾಂತವ್ವ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಸುತ್ತಲಿನ ಜನ ನಿಧಾನವಾಗಿ ಕೂಡಿದರು. ಸುಲಭದ ಮಾತು ಹುಡುಕಲಿಲ್ಲ.

“ಮಲ್ಲಪ್ಪ, ಅವ್ವಗ ಜ್ವರ ಬಂದದ್ದು ದೇವಿ ಹಾಕಿದ್ದಕ್ಕಲ್ಲ. ಅವತ್ತ ನನಗ ಫ್ಲೂ ಜ್ವರ ಇತ್ತು. ನಮ್ಮ ಮನ್ಯಾಗೂ ಇತ್ತು. ಆಯಿ ಕೇಳಿದ್ಲು, ನಾ ಇಲ್ಲಂತ ಸುಳ್ಳ ಹೇಳಿದೆ. ಆಕಿ ಮಾರಿ ಮುಂದ ಕೆಮ್ಮಿದೆ. ರಜಾ ಕೇಳಿದ್ದೆ, ಸಿಗಲಿಲ್ಲ, ಆದ್ರ ಸುಳ್ಳ ಹೇಳಂತ ನನಗ ಯಾರೂ ಹೇಳಿರಲಿಲ್ಲ. ಬೈಯೂದಿದ್ರ ನನ್ನ ಬೈರಿ. ಹೊಳಿ ಆಚೆ ಸಿಡುಬ ಐತಿ. ಕೂಸಿಗೆ ದೇವಿ ಬ್ಯಾಡ ಅನ್ನಬ್ಯಾಡ್ರಿ.”

ಮಲ್ಲಪ್ಪನ ಕೈಯಲ್ಲಿ ಮೇವಿನ ಸಿವುಡು ಹಾಗೇ ಇತ್ತು. ಮಾತಾಡಿದವಳು ಶಾಂತವ್ವ. ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

“ಅವತ್ತ ನಿಮಗ ಗೊತ್ತಿತ್ತೇನ್ರಿ, ಇದು ಒಬ್ಬರಿಂದ ಒಬ್ಬರಿಗೆ ಬರೂ ಜ್ವರ ಅಂತ?”

“ಗೊತ್ತಿತ್ತವ್ವಾ.”

“ನಮ್ಮ ಅತ್ತೀಗೂ ಗೊತ್ತಿತ್ತು” ಎಂದಳು. “ಮಲಗಿದಾಗಿಂದ ನನ್ನ ಹತ್ರ ಬರಗೊಡಲಿಲ್ಲ. ನೀ ಹೊಟ್ಟಿಲೆ ಇದ್ದಾಕಿ, ಬಾಗಲಾ ದಾಟಬ್ಯಾಡ ಅಂತ ಒಳಗಿಂದ ಒದರತಿದ್ಲು. ಉಸರ ಹತ್ತತಿದ್ದಿಲ್ಲ, ಆದ್ರೂ ಒದರತಿದ್ಲು. ಕಡೀಕ ಬಾಯಿಗೆ ನೀರ ಬಿಡಾಕೂ ನನ್ನ ಕರೀಲಿಲ್ಲ. ಓದಲಾರದ ಮುದುಕಿಗೆ ತಿಳೀತು, ನಿಮಗ ತಿಳೀಲಿಲ್ಲ.”

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅಳುತ್ತಿದ್ದವನು ನಾನು. ಇಲಾಖೆಯ ಟೋಪಿ ಹಾಕಿಕೊಂಡು, ಚೀಲ ಹೆಗಲಿಗೇರಿಸಿಕೊಂಡು, ಓಣಿಯ ನಡುವೆ ನಿಂತು ಅತ್ತೆ. ತಪ್ಪಾಯಿತು ಎಂದೆ. ಅದಕ್ಕೆ ಅವಳು ಏನೂ ಹೇಳಲಿಲ್ಲ, ಇಂದಿನವರೆಗೂ ಹೇಳಿಲ್ಲ.

ಕೂಸಿನ ಬಟ್ಟೆ ಸರಿಮಾಡಿ ಕೇಳಿದಳು, “ಇವತ್ತ ಹೆಂಗದೀರಿ?”

“ಇವತ್ತ ಆರಾಮ ಅದೀನವ್ವಾ. ಜ್ವರ ಇಲ್ಲ, ಕೆಮ್ಮಿಲ್ಲ.”

ಅವಳು ನಂಬಲಿಲ್ಲ. ನನ್ನ ಬಾಯಿಮಾತನ್ನು ಆ ಮನೆಯವರು ಯಾಕಾದರೂ ನಂಬಬೇಕು? ಕೂಸನ್ನು ಎಡಗೈಗೆ ಬದಲಿಸಿಕೊಂಡು ಹೊಸ್ತಿಲು ದಾಟಿದಳು. ನನ್ನೆದುರು ಬಂದು ನಿಂತು ಬಲಗೈಯ ಹಿಂಭಾಗವನ್ನು ನನ್ನ ಹಣೆಗಿಟ್ಟಳು. ಗಂಡ ನೋಡುತ್ತಿದ್ದ, ಓಣಿಗೆ ಓಣಿಯೇ ನೋಡುತ್ತಿತ್ತು. ಪರಗಂಡಸಿನ ಮುಂದೆ ಕಟ್ಟೆಗೂ ಬಾರದಿದ್ದ ಹೆಣ್ಣುಮಗಳು. ನಾಚಿಕೆಗೆ ನನ್ನ ಹಣೆ ಬಿಸಿಯಾಗಿ ಬಿಟ್ಟೀತೇನೋ ಎಂದು ಭಯವಾಯಿತು. ಅವಳು ಅವಸರ ಮಾಡಲಿಲ್ಲ. ಅದೇ ಕೈಯನ್ನು ನನ್ನ ಕುತ್ತಿಗೆಗೂ ಹಚ್ಚಿ ನೋಡಿದಳು.

“ಮೈ ತಣ್ಣಗೈತಿ” ಎಂದು ಮಲ್ಲಪ್ಪನಿಗೆ ಹೇಳಿದಳು.

ಆಮೇಲೆ ಕಟ್ಟೆಯ ಮೇಲೆ ಕುಳಿತು, ಕೂಸಿನ ಕಾಲನ್ನು ತನ್ನ ಮೊಣಕಾಲುಗಳ ನಡುವೆ ಸಿಗಿಸಿ, ತಲೆಯನ್ನು ಎದೆಗೆ ಒತ್ತಿ, ತೋಳನ್ನು ನನ್ನ ಮುಂದೆ ಚಾಚಿದಳು.

“ಬಾಯಿಗೆ ಅರಿವಿ ಕಟಗೊಂಡು ಹಾಕ್ರಿ” ಎಂದಳು.